ಒಂಟೆಯ ಪಾಲಾದ ಚಪಾತಿ

ಚಪಾತಿ ಹಿಟ್ಟು ಯಾವ ನೀರಿನಲ್ಲಿ ಕಲಸಿದ್ದು ಎಂದು ಯಾರಾದರೂ ಕೇಳುತ್ತಾರಾ? ಹಿಟ್ಟು ಯಾವ ಅಂಗಡಿಯದ್ದು, ಎಣ್ಣೆ ಹಾಕಿದ್ದೀಯಾ, ಉಪ್ಪು ಮರೆತೆಯಾ ಎಂದು ಕೇಳಬಹುದು. ನೀರು ನೀರೇ ಅಲ್ಲವಾ! ಅಲ್‌ಉಲಾ ಎಂಬ ಊರಿನ ಬಾಡಿಗೆ ಮನೆಯೊಂದರಲ್ಲಿ ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿ ಹಿಟ್ಟು ಕಲಸುವವರೆಗೆ ನಾನೂ ಹಾಗೆಯೇ ತಿಳಿದುಕೊಂಡಿದ್ದೆ. ಆ ಒಂದು ಲೋಟ ನೀರಿನಿಂದ ಶುರುವಾದ ಗೊಂದಲದಿಂದ ನಾನು ಇವತ್ತಿಗೂ ಪೂರ್ತಿ ಹೊರಗೆ ಬಂದಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಮ್ಮವರಿಗೆ ಸೌದಿಯ ರಾಸ್ ತನೂರಾದ ರಿಫೈನರಿಯಲ್ಲಿ ಗುತ್ತಿಗೆ ಕಂಪನಿಯೊಂದರ ಮೇಂಟೆನೆನ್ಸ್ ಕೆಲಸ. ನಾನು ಮದುವೆಯಾಗಿ ಬಂದ ಹೊಸತರಲ್ಲಿ, "ಇಲ್ಲಿ ನೋಡ್ಲಿಕ್ಕೆ ಎಂತ ಉಂಟು?" ಎಂದು ಕೇಳಿದರೆ, "ಮರಳುಂಟು, ಪೈಪುಂಟು. ಯಾವುದು ಮೊದಲು ತೋರಿಸಲಿ?" ಎನ್ನುತ್ತಿದ್ದರು. ಸುಳ್ಳೇನಲ್ಲ. ಆಗ ಸುತ್ತಾಟವೆಂದರೆ ಶುಕ್ರವಾರ ಸಂಜೆ ದಮ್ಮಾಮಿನ ಕಡಲತೀರದಲ್ಲಿ ಚಾಪೆ ಹಾಸಿ, ಮನೆಯಿಂದ ತಂದ ಬಿರಿಯಾನಿ ತಿಂದು, ಮನೆಗೆ ಬಂದು ಪಾತ್ರೆ ತೊಳೆಯುವುದು. ಅದು ಬಿಟ್ಟರೆ ಮಕ್ಕಾಕ್ಕೆ ಉಮ್ರಾ ಯಾತ್ರೆ. ಈಗ ನೋಡಿದರೆ ಕಾಲವೇ ತಿರುಗಿದೆ. ಖರ್ಜೂರಕ್ಕೊಂದು ಹಬ್ಬ, ಗುಲಾಬಿಗೊಂದು ಹಬ್ಬ, ಒಂಟೆಗೊಂದು ಹಬ್ಬ, ಏನೂ ಬೆಳೆಯದ ಊರಿಗೆ ದೀಪದ ಹಬ್ಬ. ಮೊದಲು ಮೊಬೈಲ್ ಎತ್ತಿದರೆ ಯಾರಾದರೂ ಬೈಯುತ್ತಿದ್ದ ಜಾಗದಲ್ಲಿ ಈಗ ಫೋಟೋ ತೆಗೆಸಿಕೊಳ್ಳಲಿಕ್ಕೆಂದೇ ದೊಡ್ಡ ಚೌಕಟ್ಟು ನಿಲ್ಲಿಸಿದ್ದಾರೆ. ನಮ್ಮಂಥ ಹೊರಗಿನವರು ಎಲ್ಲಿ ನಿಲ್ಲಬೇಕು, ಎಲ್ಲಿ ನಗಬೇಕು, ಚಪ್ಪಾಳೆ ತಟ್ಟಬಹುದೋ ಬಾರದೋ ಎಂದು ಗೊತ್ತಾಗದೆ ಹಿಂದಿನ ಸಾಲಿನಲ್ಲಿ ನಿಂತು ಎದುರಿನವರ ಕೈಯನ್ನೇ ನೋಡುತ್ತಿರುತ್ತೇವೆ. ಅವರು ತಟ್ಟಿದರೆ ನಾವೂ ತಟ್ಟುತ್ತೇವೆ.

ಇಷ್ಟೆಲ್ಲ ಹಬ್ಬ ಬಂದರೂ ನಮ್ಮವರು ಮನೆ ಬಿಟ್ಟು ಕದಲುವವರಲ್ಲ. ಶಿಫ್ಟು, ನಿದ್ದೆ, ಊರಿಗೊಂದು ಫೋನು. ಅವರಿಗೆ ಊರು ತೋರಿಸುವ ಹುಚ್ಚು ಹಿಡಿದದ್ದು ಅವರ ತಾಯಿ, ಅಂದರೆ ನನ್ನ ಅತ್ತೆ, ವಿಸಿಟ್ ವೀಸಾದಲ್ಲಿ ಬಂದಾಗ. ನಾವು ಉಡುಪಿ ಕಡೆಯ ಬ್ಯಾರಿಗಳು, ಅತ್ತೆಗೆ ಮಾಮಿ ಎನ್ನುತ್ತೇವೆ. ಮನೆಯಲ್ಲಿ ಆಡುವುದು ಬ್ಯಾರಿ ಮಾತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ. ಮಾಮಿಗೆ ಹಳೆಯ ಸಕ್ಕರೆ ಕಾಯಿಲೆ. ಅದು ಕಣ್ಣಿಗೆ ಇಳಿದಿತ್ತು. ಮಂಗಳೂರಿನ ಕಣ್ಣಿನ ಡಾಕ್ಟರು ಇವರಿಗೆ ಫೋನಿನಲ್ಲಿ, ಒಳಪರದೆ ಹಾಳಾಗುತ್ತಾ ಬಂದಿದೆ, ಈಗಿರುವ ದೃಷ್ಟಿ ಎಷ್ಟು ದಿನ ಉಳಿಯುತ್ತದೆಂದು ಹೇಳಲಾಗದು, ತಾಯಿಗೆ ಏನಾದರೂ ತೋರಿಸುವ ಆಸೆ ಇದ್ದರೆ ಈಗಲೇ ತೋರಿಸಿಬಿಡಿ ಎಂದಿದ್ದರು. ಆ ಮಾತು ಇವರ ತಲೆಯಲ್ಲಿ ಕೂತುಬಿಟ್ಟಿತು. ಇಷ್ಟು ವರ್ಷ ಸೌದಿಯಲ್ಲಿದ್ದು ತಾಯಿಗೆ ಒಂದು ಊರೂ ತೋರಿಸಲಿಲ್ಲ ಎಂದು ಊಟದ ನಡುವೆ ಕೈ ನಿಲ್ಲಿಸಿ ಕೂರುತ್ತಿದ್ದರು. ನನಗೆ ಪಾಪ ಅನ್ನಿಸುತ್ತಿತ್ತು. ಆಮೇಲೆ ಶಿಫ್ಟು ಮುಗಿಸಿ ಬಂದು ಮುಖವನ್ನೂ ತೊಳೆಯದೆ "ಯಲ್ಲಾ, ಹೊರಡಿ" ಎಂದು ಗಾಡಿಯ ಕೀ ಆಡಿಸುವಾಗ ಸಿಟ್ಟೂ ಬರುತ್ತಿತ್ತು.

ಮೊದಲು ಅಲ್‌ಅಹ್ಸಾದ ಗುಹೆಗೆ ಹೋದೆವು. ಒಳಗೆ ಗೋಡೆಗಳು ಕತ್ತರಿಸಿದಂತೆ ಎತ್ತರಕ್ಕೆ ನಿಂತಿವೆ, ಮೇಲಿಂದ ಬೆಳಕು ಸಣ್ಣಗೆ ಇಳಿಯುತ್ತದೆ. ಇವರು ತಲೆ ಎತ್ತಿ, "ಅಲ್ಲಿ ನೋಡಿ ಉಮ್ಮ, ಬೆಳಕು! ಕಂಡಿತಾ?" ಎಂದರು.

"ಕಂಡಿತು ಮಗಾ. ಮಾಶಾ ಅಲ್ಲಾ, ಎಂಥ ತಂಪು!" ಎಂದರು ಮಾಮಿ.

ಬೆಳಕು ತೋರಿಸಿದರೆ ತಂಪನ್ನು ಹೊಗಳುತ್ತಾರಲ್ಲ ಎಂದು ನನಗೆ ನಗು ಬಂತು. ವಾಪಸ್ ಬರುವಾಗ ಎಡಗಡೆ ಮೈಲುಗಟ್ಟಲೆ ಖರ್ಜೂರದ ತೋಟ. "ಉಮ್ಮ, ಈ ಕಡೆ!" ಎಂದು ಇವರು ಕೂಗಿದರು. ಮಾಮಿ ಬಲಗಡೆ ತಿರುಗಿ, ಟಯರು ಅಂಗಡಿಯ ಗೋಡೆಯನ್ನು ಕಣ್ತುಂಬ ನೋಡಿ, "ಎಷ್ಟು ಹಸಿರು!" ಎಂದರು. ಪ್ರಾಯವಾಯಿತು, ಎಡಬಲ ಗೊತ್ತಾಗುವುದಿಲ್ಲ ಎಂದುಕೊಂಡೆ. ಇಲ್ಲದಿದ್ದರೆ ಇದರಲ್ಲೆಲ್ಲ ಅವರಿಗೆ ಮನಸ್ಸಿಲ್ಲ, ಮಗನ ಸಂತೋಷಕ್ಕೆ ಹ್ಞೂಂಗುಟ್ಟುತ್ತಿದ್ದಾರೆ ಎಂದುಕೊಂಡೆ. ಎಲ್ಲಿಗೆ ಹೋದರೂ ಅವರು ನನ್ನ ಅಬಾಯದ, ಅಂದರೆ ಕಪ್ಪು ನಿಲುವಂಗಿಯ, ತೋಳನ್ನು ಹಿಡಿದುಕೊಂಡೇ ನಡೆಯುತ್ತಿದ್ದರು. ಹೊಸ ಅಬಾಯ, ಎಳೆದು ಎಳೆದು ಒಂದು ತೋಳು ಇನ್ನೊಂದಕ್ಕಿಂತ ಉದ್ದವಾಯಿತು.

ರಂಜಾನಿನ ನಡುವೆ ಖತೀಫ್‌ನಲ್ಲಿ ಮಕ್ಕಳ ಹಬ್ಬ. ಬಾಡಿಗೆ ಕಡಿಮೆ ಎಂದು ನಾವು ಹಿಂದಿನ ವರ್ಷವಷ್ಟೇ ದಮ್ಮಾಮ್ ಬಿಟ್ಟು ಖತೀಫಿಗೆ ಮನೆ ಬದಲಿಸಿದ್ದೆವು, ಆ ವರ್ಷ ಹಬ್ಬದ ಸಮಯಕ್ಕೆ ಖತೀಫಿನಲ್ಲಿರಲಿಲ್ಲ. ಹಾಗಾಗಿ ನನಗೆ ಅದರ ಗಂಧಗಾಳಿ ಗೊತ್ತಿಲ್ಲ. ಸಂಜೆ ಉಪವಾಸದ ನೋಂಬು ಬಿಟ್ಟು ಚಾ ಕುಡಿಯುತ್ತಿದ್ದೆವು, ಬಾಗಿಲು ಬಡಿದ ಸದ್ದು. ತೆರೆದರೆ ಕಸೂತಿಯ ಬಟ್ಟೆ ಹಾಕಿ, ಕುತ್ತಿಗೆಗೆ ಬಟ್ಟೆಯ ಚೀಲ ತೂಗಿಸಿಕೊಂಡ ಮಕ್ಕಳ ದಂಡು, ಒಂದೇ ರಾಗದಲ್ಲಿ ಏನೋ ಹಾಡುತ್ತಿದೆ. ನಮ್ಮ ಊರಿನಲ್ಲಿ ರಂಜಾನ್ ಸಂಜೆ ಬಾಗಿಲು ಬಡಿದರೆ ಇಲ್ಲದವರು ಬಂದಿದ್ದಾರೆ ಎಂದೇ ಲೆಕ್ಕ. ಇಷ್ಟು ಚಂದದ ಬಟ್ಟೆ ಹಾಕಿದ ಮಕ್ಕಳಿಗೆ ಏನು ಕಡಿಮೆಯಾಯಿತಪ್ಪಾ ಎಂದು ಯೋಚಿಸುತ್ತಲೇ ಉಳಿದ ಸಮೋಸವನ್ನೆಲ್ಲ ತಟ್ಟೆಗೆ ಹಾಕಿ ತಂದೆ. ಮಕ್ಕಳು ಹಾಡು ನಿಲ್ಲಿಸಿ ಸಮೋಸವನ್ನು ನೋಡಿದರು. ನನ್ನನ್ನು ನೋಡಿದರು. ಚೀಲದ ಬಾಯಿ ಅಗಲಿಸಿ ಹಿಡಿದರು. ಎಣ್ಣೆ ಸುರಿಯುವ ಸಮೋಸವನ್ನು ಜರಿಯ ಚೀಲಕ್ಕೆ ಹಾಕುವುದು ಹೇಗೆ?

ಎದುರುಮನೆಯ ಖತೀಫಿನ ಹೆಂಗಸು ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ತನ್ನ ಬುಟ್ಟಿಯಿಂದಲೇ ಕಡಲೆಕಾಯಿ, ಮಿಠಾಯಿ ತೆಗೆದು ನನ್ನ ಕೈಗೆ ತುಂಬಿ, ಹೀಗೆ ಹಾಕು ಎಂದು ತೋರಿಸಿಕೊಟ್ಟಳು. ಇದು ದಾನವೂ ಅಲ್ಲ, ಭಿಕ್ಷೆಯೂ ಅಲ್ಲ, ಮಕ್ಕಳು ಬರುವ ಮನೆ ಪುಣ್ಯದ ಮನೆ ಎಂದಳು. ದಮ್ಮಾಮಿನ ನಮ್ಮ ಊರಿನವರಿಗೆ ಫೋನಿನಲ್ಲಿ ಹೇಳಿದರೆ, "ಅದೆಲ್ಲ ದೀನಿನಲ್ಲಿ, ನಮ್ಮ ಧರ್ಮದಲ್ಲಿ ಇಲ್ಲ ಮಾರಾಯ್ತಿ, ಬಾಗಿಲು ಹಾಕಿ ಕೂತ್ಕೋ" ಎಂದರು. ಎದುರುಮನೆಯವಳಿಗೆ ಅದನ್ನು ಹೇಳಿದರೆ, "ಮಿಠಾಯಿಗೂ ದೀನಿಗೂ ಎಂಥ ಸಂಬಂಧ?" ಎಂದಳು. ನಡುವೆ ನಾನು, ನನ್ನ ಕೈಯಲ್ಲಿ ತಣ್ಣಗಾದ ಸಮೋಸ.

ಆ ಗಲಾಟೆಯಲ್ಲಿ ಒಬ್ಬಳು ಪುಟ್ಟ ಹುಡುಗಿ ಕುರ್ಚಿಯಲ್ಲಿ ಕೂತಿದ್ದ ಮಾಮಿಯ ಹತ್ತಿರ ಹೋದಳು. ಅಜ್ಜಿಗೆ ಯಾರೂ ಏನೂ ಕೊಡಲಿಲ್ಲ ಎಂದು ಅನ್ನಿಸಿತೋ ಏನೋ, ತನ್ನ ಚೀಲದಿಂದ ಒಂದು ಮಿಠಾಯಿ ತೆಗೆದು ಅವರ ಅಂಗೈಯಲ್ಲಿಟ್ಟಳು. ಮಾಮಿ ಅವಳ ಬಟ್ಟೆಯ ಕಸೂತಿಯ ಮೇಲೆ ಬೆರಳಾಡಿಸಿದರು, ಭುಜದಿಂದ ತುದಿಯವರೆಗೆ, ಸಾವಕಾಶವಾಗಿ.

"ಕಂಡಿತಾ ಉಮ್ಮ, ಎಷ್ಟು ಬಣ್ಣ!" ಎಂದರು ಇವರು, ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಾ.

"ಕಂಡಿತು ಮಗಾ" ಎಂದ ಮಾಮಿ ಮಿಠಾಯಿಯನ್ನು ಬಾಯಿಗೆ ಹಾಕದೆ ತಮ್ಮ ಕೈಚೀಲದಲ್ಲಿ ಇಟ್ಟುಕೊಂಡರು. ಮಗು ಕೊಟ್ಟದ್ದು, ಅದರಲ್ಲಿ ಬರಕತ್ತು, ದೇವರ ಆಶೀರ್ವಾದ, ಇರುತ್ತದೆ ಎಂದರು.

ರಂಜಾನ್ ಮುಗಿದು ಪೆರ್ನಾಲ್ ಹಬ್ಬ ಕಳೆದ ಮೇಲೆ ಇವರಿಗೆ ರಜೆ ಸಿಕ್ಕಿತು. ಗಾಡಿಯಲ್ಲೇ ಮಕ್ಕಾಕ್ಕೆ ಹೋಗಿ ಉಮ್ರಾ ಮುಗಿಸಿದೆವು. ಕಾಬಾದ ಎದುರು ಮಾಮಿ ನನ್ನ ತೋಳನ್ನು ಬಿಟ್ಟು ಎರಡೂ ಕೈ ಎತ್ತಿ ಅತ್ತರು. ಇವರು ತಾವೂ ಅಳುತ್ತಾ ಅಲ್ಲಿಯೂ ಕೇಳಿದರು, "ಕಂಡಿತಾ ಉಮ್ಮ?" ಮಾಮಿ ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡು, "ಕಂಡಿತು ಮಗಾ, ಕಂಡಿತು" ಎಂದರು. ಆಮೇಲೆ ಮದೀನಾ. ಅಲ್ಲಿಗೆ ಮಾಮಿಗೆ ತೃಪ್ತಿಯಾಗಿತ್ತು. "ಇನ್ನು ಸಾಕು ಮಗಾ, ಮನೆಗೆ ಹೋಗುವಾ. ನೀನೂ ಸ್ವಲ್ಪ ಕೂತ್ಕೋ" ಎಂದರು. ಇವರಿಗೆ ಸಾಕಾಗಿರಲಿಲ್ಲ. "ಇನ್ನೊಂದು ಜಾಗ ಉಂಟು ಉಮ್ಮ. ಕೆತ್ತನೆ ಮಾಡಿದ ಗುಡ್ಡ. ಲೋಕದ ಜನ ಬರ್ತಾರೆ" ಎಂದು ಗಾಡಿಯನ್ನು ಉತ್ತರಕ್ಕೆ ತಿರುಗಿಸಿದರು.

ಆ ಗುಡ್ಡದ ಹೆಸರು ಮದಾಯಿನ್ ಸಾಲಿಹ್ ಎಂದು ಅವರು ನನಗೆ ಹೇಳಿದ್ದು ದಾರಿಯ ಪೆಟ್ರೋಲ್ ಬಂಕಿನಲ್ಲಿ, ಮಾಮಿ ನಮಾಜಿಗೆ ಹೋದಾಗ. ಮದ್ರಸಾಕ್ಕೆ ಹೋದ ಯಾವ ಮಗುವಿಗೆ ಆ ಕತೆ ಗೊತ್ತಿಲ್ಲ? ಸಮೂದ್ ಎಂಬ ಜನಾಂಗ ಬಂಡೆ ಕೊರೆದು ಮನೆ ಮಾಡಿಕೊಂಡಿತ್ತು. ಪ್ರವಾದಿ ಸಾಲಿಹ್ ನಬಿಯ ಮೂಲಕ ಅವರಿಗೆ ಒಂದು ಹೆಣ್ಣೊಂಟೆಯನ್ನು ಕಳಿಸಲಾಯಿತು, ಅದರ ತಂಟೆಗೆ ಹೋಗಬೇಡಿ ಎಂದು ಹೇಳಲಾಯಿತು. ಅವರು ಅದನ್ನೇ ಕಡಿದರು. ಒಂದು ಭಯಂಕರ ಸದ್ದಿಗೆ ಅಷ್ಟೂ ಜನ ನಾಶವಾದರು. ಅಂಥ ಜಾಗದಲ್ಲಿ ನಿಲ್ಲಬಾರದು, ಅಳುತ್ತಾ ಬೇಗ ದಾಟಿಬಿಡಬೇಕು, ಅಲ್ಲಿಯ ಬಾವಿಯ ನೀರು ಕುಡಿಯಬಾರದು, ಆ ನೀರಿನಲ್ಲಿ ಹಿಟ್ಟು ಕಲಸಿದ್ದರೆ ಅದನ್ನು ಒಂಟೆಗಳಿಗೆ ಹಾಕಬೇಕು ಎಂದು ನಮ್ಮ ಉಸ್ತಾದರು ಕಣ್ಣು ದೊಡ್ಡದು ಮಾಡಿ ಹೇಳಿಕೊಟ್ಟಿದ್ದರು.

"ಅಲ್ಲಿಗೆ ಹೋಗಬಹುದಾ?" ಎಂದು ಕೇಳಿದೆ.

"ಟಿಕೆಟ್ ಮಾಡಿ ಆಗಿದೆ" ಎಂದರು.

ಇದು ಉತ್ತರವಾ? ಆದರೂ ನೋಡಿ, ದಾರಿಯುದ್ದಕ್ಕೂ ಆ ಜಾಗದ ಜಾಹೀರಾತಿನ ಫಲಕಗಳು, ನಗುವ ಕುಟುಂಬದ ಚಿತ್ರಗಳು. ಅಳಬೇಕಾದ ಜಾಗಕ್ಕೆ ನಗುತ್ತಾ ಬನ್ನಿ ಎಂದು ಬರೆದಿದ್ದಾರೆ. ಉಸ್ತಾದರನ್ನು ನಂಬಬೇಕೋ ಫಲಕವನ್ನು ನಂಬಬೇಕೋ ನನಗೆ ತಿಳಿಯಲಿಲ್ಲ. ಆ ಸಂಜೆ ಗುಡ್ಡದ ಹತ್ತಿರದ ಅಲ್‌ಉಲಾ ತಲುಪಿ ಬಾಡಿಗೆ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಎದ್ದು, ಮಾಮಿಗೆ ಹೊತ್ತಿಗೆ ಸರಿಯಾಗಿ ತಿನ್ನಲು ಬೇಕೆಂದು ಚಪಾತಿ ಮಾಡಿ ಡಬ್ಬಿಗೆ ತುಂಬಿದೆ. ಬಾವಿಯ ಮಾತು ನನಗೆ ನೆನಪಿಗೇ ಬರಲಿಲ್ಲ. ನಲ್ಲಿಯಲ್ಲಿ ಬರುವುದು ಬಾವಿಯ ನೀರಾಗಬಹುದು ಎಂದು ಯಾರಿಗೆ ಹೊಳೆಯುತ್ತದೆ?

ಗುಡ್ಡಕ್ಕೆ ಸ್ವಂತ ಗಾಡಿ ಬಿಡುವುದಿಲ್ಲ, ಅವರದ್ದೇ ಬಸ್ಸು. ಹತ್ತುವ ಮೊದಲು ಎಲ್ಲರಿಗೂ ಕಹ್ವಾ ಕಾಫಿ, ಖರ್ಜೂರ ಕೊಟ್ಟರು. ಮಾಮಿ ಖರ್ಜೂರವನ್ನು ಕೈಯಲ್ಲಿ ಹಿಡಿದುಕೊಂಡು ಬಸ್ಸಿನಲ್ಲಿ ನನ್ನ ಪಕ್ಕ ಕೂತರು. ನಮ್ಮ ಗೈಡ್ ಒಬ್ಬಳು ಎಳೆಯ ಸೌದಿ ಹುಡುಗಿ, ತಲೆಗೆ ಸಡಿಲವಾದ ಶಾಲು, ಕಾಲಿಗೆ ಬೂಟು, ಬಾಯಿತುಂಬ ನಗು. ಅರಬಿಯಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ ಹೇಳುತ್ತಾ ಹೋದಳು. ಅರಬಿ ಮಾತಿನ ನಡುವೆ ಸಮೂದ್ ಎಂಬ ಹೆಸರು ಬಂತು, ಬೆನ್ನಿಗೇ ಸಾಲಿಹ್ ಎಂಬ ಹೆಸರು ಬಂತು. ನನ್ನ ತೋಳಿನ ಮೇಲೆ ಮಾಮಿಯ ಹಿಡಿತ ಬಿಗಿಯಾಯಿತು.

"ಇದು ಯಾವ ಜಾಗ?"

ನಾನು ಇವರ ಮುಖ ನೋಡಿದೆ. ಇವರು ಕಿಟಕಿಯ ಹೊರಗೆ ನೋಡಿದರು.

"ಗುಡ್ಡ ಉಮ್ಮ. ಚಂದ ಉಂಟು."

"ಗುಡ್ಡಕ್ಕೆ ಹೆಸರಿಲ್ಲವಾ?"

ಇವರು ಮೊಬೈಲಿನ ಪರದೆ ಒರೆಸತೊಡಗಿದರು. ಮಾಮಿಗೆ ಅಷ್ಟು ಸಾಕಾಯಿತು. "ಎಂತ ಮಗಾ ಇದು! ಮದೀನಾದಿಂದ ಸೀದಾ ಇಲ್ಲಿಗಾ? ಶಿಕ್ಷೆ ಇಳಿದ ಜಾಗ ತೋರಿಸ್ಲಿಕ್ಕೆ ಯಾರಾದ್ರೂ ತಾಯಿಯನ್ನು ಕರ್ಕೊಂಡು ಬರ್ತಾರಾ?" ಎಂದವರೇ, ಇಲ್ಲಿಯ ನೆಲದ್ದು ಬೇಡವೆಂದು ಖರ್ಜೂರವನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಶಾಲನ್ನು ಹಣೆಯವರೆಗೆ ಎಳೆದು ಕಣ್ಣು ಮುಚ್ಚಿಬಿಟ್ಟರು.

"ಈಗ ಎಲ್ಲರೂ ಬರ್ತಾರೆ ಉಮ್ಮ. ಸರಕಾರವೇ ತೋರಿಸ್ತದೆ."

"ಸರಕಾರ ತೋರಿಸಲಿ. ನಾನು ನೋಡುವುದಿಲ್ಲ."

ಬಸ್ಸು ನಿಂತಿತು. ಎದುರಿಗೆ ಒಂದೇ ಬಂಡೆಯಲ್ಲಿ ಕೊರೆದ ಎತ್ತರದ ಬಾಗಿಲು, ಅದರ ಮೇಲೆ ಮೆಟ್ಟಿಲಿನ ಕೆತ್ತನೆ, ಹಕ್ಕಿಯ ಕೆತ್ತನೆ. ನೋಡಬಾರದು ಅಂದುಕೊಂಡೆ, ನೋಡಿಯೂ ಬಿಟ್ಟೆ. ಅಯ್ಯೋ, ಎಂಥ ಕೆಲಸ! ಅಷ್ಟರಲ್ಲಿ ಗೈಡ್, ಇವು ಮನೆಗಳಲ್ಲ, ಗೋರಿಗಳು, ಇವನ್ನು ಕೊರೆದವರು ಸಮೂದರಲ್ಲ, ನಂತರ ಬಂದ ವ್ಯಾಪಾರಿ ಜನ ಎಂದಳು. ನನ್ನ ತಲೆ ಇನ್ನಷ್ಟು ಕೆಟ್ಟಿತು. ಮನೆಯಾದರೆ ಕಣ್ಣು ಮುಚ್ಚಿ ಓಡಬೇಕು. ಗೋರಿಯಾದರೆ ಅದಕ್ಕೆ ಬೇರೆ ರಿವಾಜು. ಯಾರ ಗೋರಿಯೆಂದೇ ಗೊತ್ತಿಲ್ಲದಿದ್ದರೆ ಏನು ಮಾಡಬೇಕೆಂದು ನಮ್ಮ ಉಸ್ತಾದರು ಹೇಳಿಕೊಟ್ಟಿರಲಿಲ್ಲ.

ಬಸ್ಸು ಖಾಲಿಯಾದ ಮೇಲೂ ಮಾಮಿ ಕಣ್ಣು ತೆರೆಯಲಿಲ್ಲ. ಒಳಗೆ ಸೆಕೆ ಎಂದು ನಾನು ಅವರನ್ನು ಇಳಿಸಿ ನೆರಳಿನ ಬೆಂಚಿನಲ್ಲಿ ಕೂರಿಸಿದೆ. ಇವರು ಅವರ ಮುಂದೆ ಮಂಡಿಯೂರಿ ಕೂತರು.

"ಒಂದೇ ಒಂದು ಸಲ ಕಣ್ಣು ಬಿಡಿ ಉಮ್ಮ. ಇಷ್ಟು ದೂರ ಬಂದದ್ದು... ಮತ್ತೆ ನಿಮಗೆ ಕಾಣ್ಲಿಕ್ಕೆ..."

ಡಾಕ್ಟರು ಹೇಳಿದ್ದನ್ನು ಅವರು ತಾಯಿಯೆದುರು ಒಮ್ಮೆಯೂ ಆಡಿರಲಿಲ್ಲ. ಮಾಮಿ ಕಣ್ಣು ಮುಚ್ಚಿಕೊಂಡೇ ಕೈ ಚಾಚಿ ಮಗನ ತಲೆ ಸವರಿದರು. ಬಾಯಲ್ಲಿ ಮಾತ್ರ, "ಹಟ ಮಾಡ್ಬೇಡ" ಎಂದರು. ಮುದುಕಿಯ ಮೊಂಡುತನ ಎಂದು ನನಗೆ ಮೈಯೆಲ್ಲ ಉರಿಯಿತು, ಇವರ ಮುಖ ನೋಡಿದರೆ ಪಾಪ ಅನ್ನಿಸಿತು. ಯಾರ ಪಕ್ಷ ಹಿಡಿಯುವುದು?

ಆಗಲೇ ಮಾಮಿಯ ತುಟಿಯ ಮೇಲೆ ಬೆವರು ಕಂಡದ್ದು. ಕೈ ಮುಟ್ಟಿದೆ, ತಣ್ಣಗೆ ನಡುಗುತ್ತಿದೆ. ಸಕ್ಕರೆ ಇಳಿಯುತ್ತಿತ್ತು. ಆ ಖರ್ಜೂರ ಮುಟ್ಟುವವರಲ್ಲವೆಂದು ಗಡಿಬಿಡಿಯಲ್ಲಿ ಡಬ್ಬಿ ತೆರೆದು ಚಪಾತಿ ಮುರಿದು ಬಾಯಿಯ ಹತ್ತಿರ ಹಿಡಿದೆ.

"ಹಿಟ್ಟು ಯಾವ ನೀರಲ್ಲಿ ಕಲಸಿದ್ದು?"

"ನಲ್ಲಿ ನೀರಲ್ಲಿ ಮಾಮಿ, ತಿನ್ನಿ ಮೊದಲು!"

"ಯಾವ ಊರಿನ ನಲ್ಲಿ?"

ನನಗೆ ತಡೆಯಲಾಗಲಿಲ್ಲ. "ಈ ಊರಿನದ್ದೇ! ಖತೀಫಿನಿಂದ ನಲ್ಲಿ ಕಿತ್ಕೊಂಡು ಬರ್ಲಿಕ್ಕಾಗ್ತದಾ?"

ಮಾಮಿ ತುಟಿ ಬಿಗಿದು ಮುಖ ತಿರುಗಿಸಿದರು. ಇವರು ಗಾಬರಿಯಲ್ಲಿ ಬಾಡಿಗೆ ಮನೆ ನೋಡಿಕೊಳ್ಳುವ ಬಂಗಾಲಿಗೆ ಫೋನು ಮಾಡಿ, ಸ್ಪೀಕರು ಹಾಕಿ, ಹಿಂದಿಯಲ್ಲಿ ಕೇಳಿದರು, ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ? ಟ್ಯಾಂಕಿಯಿಂದ ಎಂದ. ಟ್ಯಾಂಕಿಗೆ? ಲಾರಿಯಿಂದ. ಲಾರಿಗೆ? "ಅದು ಅಲ್ಲಾಹನಿಗೇ ಗೊತ್ತು ಭಾಯ್" ಎಂದು ಅವನು ಫೋನಿಟ್ಟ. ಆ ಒಂದು ಮಾತಿನಲ್ಲಿ ನನ್ನ ಚಪಾತಿಯ ಹಣೆಬರಹ ತೀರ್ಮಾನವಾಯಿತು.

ಗೈಡ್ ಹುಡುಗಿ ನೀರಿನ ಬಾಟಲಿ ಹಿಡಿದು ಓಡಿಬಂದಳು. ಇವರು ಅದನ್ನು ಕಸಿದು ಲೇಬಲ್ ಓದಿದರು, "ಇದು ರಿಯಾದಿನದ್ದು ಉಮ್ಮ! ರಿಯಾದ್! ನೋಡಿ ಬರೆದಿದ್ದಾರೆ!" ಕಣ್ಣು ಮುಚ್ಚಿದವರಿಗೆ ಲೇಬಲ್ ತೋರಿಸುತ್ತಿದ್ದರು ಪಾಪ. ಅಷ್ಟರಲ್ಲಿ ಮಾಮಿ ತಮ್ಮ ಕೈಚೀಲದೊಳಗೆ ತಡಕಾಡಿ ಏನನ್ನೋ ಹೊರತೆಗೆದರು. ಖತೀಫಿನ ಆ ಪುಟ್ಟ ಹುಡುಗಿ ಕೊಟ್ಟ ಮಿಠಾಯಿ. "ಇದು ಅಡ್ಡಿ ಇಲ್ಲ" ಎಂದು ಬಾಯಿಗೆ ಹಾಕಿಕೊಂಡರು. ರಿಯಾದಿನ ನೀರನ್ನೂ ಎರಡು ಗುಟುಕು ಕುಡಿದರು. ನಡುಕ ನಿಲ್ಲುವವರೆಗೆ ನಾವಿಬ್ಬರೂ ಅವರ ಒಂದೊಂದು ಕೈ ಹಿಡಿದು ಕೂತಿದ್ದೆವು.

ಅಜ್ಜಿ ಕಣ್ಣು ಯಾಕೆ ತೆರೆಯುವುದಿಲ್ಲ ಎಂದು ಗೈಡ್ ನನ್ನನ್ನು ಕೇಳಿದಳು. ನನ್ನ ಹರುಕು ಅರಬಿಯಲ್ಲಿ ಹೇಳಿದೆ. ಅವಳು ನಗಲಿಲ್ಲ. ತನ್ನ ಅಜ್ಜಿ ಇದೇ ಊರಿನವಳು, ಅವಳು ಒಂದು ದಿನವೂ ಈ ಕಡೆ ಕಾಲಿಟ್ಟವಳಲ್ಲ, ಮೊಮ್ಮಗಳು ಇಲ್ಲಿ ಕೆಲಸಕ್ಕೆ ಬರುವಾಗಲೆಲ್ಲ ಮನೆಯಲ್ಲಿ ಕೂತು ದುವಾ ಪ್ರಾರ್ಥನೆ ಮಾಡುತ್ತಾಳೆ ಎಂದಳು. "ಹಾಗಾದರೆ ನೀನು?" ಎಂದೆ. ಅವಳು ಭುಜ ಕುಣಿಸಿ, ಮುಂದಿನ ಬಂಡೆಯ ಕಡೆಗೆ ಜನರನ್ನು ಕರೆದುಕೊಂಡು ಹೋದಳು. ಇಲ್ಲಿಯವರಿಗೇ ಗೊತ್ತಿಲ್ಲದ ಮೇಲೆ ನನಗೇನು ಗೊತ್ತಾದೀತು ಎಂದು ಸ್ವಲ್ಪ ಸಮಾಧಾನವಾಯಿತು.

ಹೊರಗೆ ಬಂದು ಬಸ್ಸಿಳಿದಾಗ ಮಾಮಿ ಮೊದಲ ಬಾರಿಗೆ ಕಣ್ಣು ಬಿಟ್ಟರು. ಇವರು ಗಾಡಿ ತರಲು ದೂರದ ಪಾರ್ಕಿಂಗಿಗೆ ನಡೆದರು. ಬೆನ್ನು ಬಗ್ಗಿತ್ತು. ಡಬ್ಬಿಯ ಚಪಾತಿಯನ್ನು ಏನು ಮಾಡಲಿ ಎಂದು ನಾನು ಅತ್ತಿತ್ತ ನೋಡಿದೆ. ಪ್ರವಾಸಿಗರನ್ನು ಕೂರಿಸುವ ಒಂಟೆಯೊಂದು ಅಲ್ಲೇ ನಿಂತಿತ್ತು, ಅದರ ಪಕ್ಕದಲ್ಲಿ ಕಂದು ತಾಡಪಾಲು ಹೊದೆಸಿದ ಒಂದು ಪಿಕಪ್ಪು.

"ಮಾಮಿ, ಇಲ್ಲೊಂದು ಒಂಟೆ ಉಂಟು" ಎಂದೆ.

ಮಾಮಿಯ ಮುಖ ಅರಳಿತು. "ಹೌದಾ! ಒಂಟೆಗೇ ಕೊಡಬೇಕು ಅಂತ ಅಲ್ಲವಾ ಹೇಳಿದ್ದು. ಕೊಡು ಇಲ್ಲಿ, ನಾನೇ ತಿನ್ನಿಸ್ತೇನೆ."

ನನಗೂ ನಗು ಬಂತು. ಉಸ್ತಾದರ ಮಾತನ್ನು ಅಕ್ಷರಶಃ ಪಾಲಿಸುವ ಭಾಗ್ಯ ನನ್ನ ಚಪಾತಿಗೆ ಬಂತಲ್ಲ! ಒಂದನ್ನು ಮಡಚಿ ಅವರ ಕೈಗೆ ಕೊಟ್ಟೆ. ಮಾಮಿ ಎರಡು ಹೆಜ್ಜೆ ಮುಂದೆ ಹೋಗಿ, ಕೈ ಎತ್ತಿ ಚಾಚಿ, ಮಗುವನ್ನು ಕರೆಯುವ ದನಿಯಲ್ಲಿ "ಬಾ, ತಿನ್ನು ಬಾ" ಎಂದು ಕರೆದರು, ಪಿಕಪ್ಪನ್ನು.

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಾನು ಜೋರಾಗಿ ನಕ್ಕೆ. ನನ್ನ ನಗು ಅರ್ಧದಲ್ಲೇ ನಿಂತಿತು. ಮಾಮಿ ತಾಡಪಾಲನ್ನು ನೋಡುತ್ತಾ ಪ್ರೀತಿಯಿಂದ ಕಾಯುತ್ತಿದ್ದರು. ಬಲಗಡೆ ಅಷ್ಟೆತ್ತರದ ಒಂಟೆ ಅವರನ್ನೇ ನೋಡುತ್ತಾ ನಿಂತಿತ್ತು. ಅದಕ್ಕೇ ಬೇಸರವಾಯಿತೋ ಏನೋ, ಕುತ್ತಿಗೆ ಉದ್ದ ಮಾಡಿ ಪಕ್ಕದಿಂದ ಚಪಾತಿಯನ್ನು ಕಿತ್ತುಕೊಂಡಿತು. ಮಾಮಿ ಬೆಚ್ಚಿ ಹಿಂದೆ ಸರಿದು ಗಾಳಿಯಲ್ಲಿ ನನ್ನ ತೋಳನ್ನು ಹುಡುಕಿದರು.

ತೋಳು ಅವರ ಕೈಗೆ ಕೊಟ್ಟೆ. ಅಲ್‌ಅಹ್ಸಾದ ಟಯರು ಅಂಗಡಿ, ಹುಡುಗಿಯ ಕಸೂತಿಯ ಮೇಲಿನ ಬೆರಳು, ಉದ್ದವಾದ ನನ್ನ ಅಬಾಯದ ತೋಳು, ಎಲ್ಲ ಒಟ್ಟಿಗೇ ತಲೆಗೆ ಬಂತು.

"ಮಾಮಿ, ನಿಮಗೆ ಒಂಟೆ ಕಾಣ್ಲಿಲ್ಲವಾ?"

ಅವರು ಖಾಲಿಯಾದ ಅಂಗೈಯನ್ನು ಶಾಲಿಗೆ ಒರೆಸಿಕೊಂಡರು. "ನೆರಳಿನ ಹಾಗೆ ಕಾಣ್ತದೆ. ದೊಡ್ಡದಾಗಿದ್ರೆ."

"ಯಾವಾಗಿಂದ?"

"ಇಲ್ಲಿಗೆ ಬರುವ ಮೊದಲಿಂದಲೇ."

"ಮಕ್ಕಾದಲ್ಲಿ?"

"ಕಪ್ಪಗೆ ದೊಡ್ಡದೊಂದು ಕಂಡಿತು. ಅದೇ ಅಂತ ನಂಬಿದೆ. ತಪ್ಪಾ ಮಗಳೇ?"

ಏನು ಹೇಳಲಿ ನಾನು? ಚಪಾತಿಯ ನೀರಿನ ಪ್ರಶ್ನೆಗೇ ಉತ್ತರವಿಲ್ಲದವಳು. ತಪ್ಪಲ್ಲ ಎಂದೆ.

"ಅವನಿಗೆ ಹೇಳ್ಬೇಡ. ನಿದ್ದೆ ಬಿಟ್ಟು ಗಾಡಿ ಓಡಿಸಿದ್ದಾನೆ. ತೋರಿಸಿದ್ದು ಒಂದೂ ನಾನು ನೋಡಲಿಲ್ಲ ಅಂತ ಗೊತ್ತಾದ್ರೆ ಅವ ಸೋತು ಹೋದಾನು. ಊರಿಗೆ ಹೋದ ಮೇಲೆ ನಾನೇ ಹೇಳ್ತೇನೆ."

"ಮತ್ತೆ ಒಳಗೆ ಕಣ್ಣು ಮುಚ್ಚಿ ಕೂತದ್ದು?"

"ಅದು ದೀನಿನ ಮಾತು, ಅದರಲ್ಲಿ ನಾಟಕ ಇಲ್ಲ" ಎಂದರು ಖಡಾಖಂಡಿತವಾಗಿ. ಆಮೇಲೆ ದನಿ ತಗ್ಗಿತು. "ಆದ್ರೆ ನಿಜ ಹೇಳ್ತೇನೆ, ಅಲ್ಲಿ ನನಗೆ ಆರಾಮ ಆಯ್ತು. ಕಣ್ಣಿದ್ದವರೂ ನೋಡಬಾರದ ಜಾಗ ಅದೊಂದೇ ಅಲ್ಲವಾ. ಕಂಡಿತು ಕಂಡಿತು ಅಂತ ಹೇಳುವ ಕೆಲಸ ಇಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಒಂಟೆಯ ಎದುರೇ ನಿಂತು ಅತ್ತುಬಿಟ್ಟೆ. ಮಾಮಿ ನನ್ನ ಬೆನ್ನು ತಟ್ಟಿ, "ಈಗ ಅಳ್ತೀಯಾ? ಒಳಗೆ ಅಳಬೇಕಿತ್ತು ಮಾರಾಯ್ತಿ!" ಎಂದರು. ಅಳುತ್ತಲೇ ನಗು ಬಂತು. ಉಳಿದ ಚಪಾತಿಗಳನ್ನು ನಾವಿಬ್ಬರೂ ಸೇರಿ ಒಂಟೆಗೆ ತಿನ್ನಿಸಿದೆವು, ಈ ಸಲ ನಾನು ಅವರ ಮಣಿಕಟ್ಟು ಹಿಡಿದು ದಾರಿ ತೋರಿಸಿದೆ. ಡಬ್ಬಿ ಖಾಲಿಯಾದ ಮೇಲೂ ಅದು ಅವರ ಅಂಗೈ ನೆಕ್ಕಿತು.

ಗಾಡಿ ಬಂತು. ಇವರ ಕಣ್ಣು ಕೆಂಪಾಗಿತ್ತು. ಮಾಮಿ ಎಂದಿನಂತೆ ಹಿಂದಿನ ಸೀಟಿನಲ್ಲಿ ಕೂತರು. ಯಾವಾಗಲೂ ಮುಂದೆ ಕೂರುವ ನಾನು ಅವತ್ತು ಅವರ ಪಕ್ಕ ಹತ್ತಿದೆ. ಊರು ದಾಟಿ ಸ್ವಲ್ಪ ದೂರ ಹೋದಾಗ ಇವರಿಗೆ ಮನಸ್ಸು ತಡೆಯಲಿಲ್ಲ. ಗಾಡಿ ನಿಧಾನ ಮಾಡಿ ಅಂಜುತ್ತಾ ಅಂಜುತ್ತಾ ಹೇಳಿದರು, "ಉಮ್ಮ, ಎಡಗಡೆ ಒಂದು ಬಂಡೆ ಉಂಟು. ಇದು ಆ ಜನರದ್ದಲ್ಲ, ಯಾರೂ ಕೊರೆದದ್ದಲ್ಲ. ಇದನ್ನು ನೋಡಬಹುದು."

ನಾನು ಮಾಮಿಯ ಕಿವಿಗೆ ಬಾಗಿದೆ. "ಕೆಂಪು ಬಂಡೆ. ಆನೆ ನಿಂತ ಹಾಗೇ ಉಂಟು. ಸೊಂಡಿಲು ನೆಲಕ್ಕೆ ಮುಟ್ಟಿದೆ. ಸೊಂಡಿಲು ಮತ್ತು ಕಾಲಿನ ನಡುವೆ ಆಕಾಶ ಕಾಣ್ತದೆ."

"ಕಂಡಿತಾ ಉಮ್ಮ?"

"ಕಂಡಿತು ಮಗಾ. ಆನೆಯೇ! ಎಂಥ ಸೊಂಡಿಲು ಅಲ್ಲಾ, ನೆಲಕ್ಕೆ ಮುಟ್ಟಿಸಿ ನಿಂತಿದೆಯಲ್ಲ!"

ಇವರ ಭುಜ ಸಡಿಲವಾದದ್ದು ಹಿಂದಿನಿಂದ ಕಂಡಿತು. "ನೋಡಿದ್ರಾ, ನಾನು ಹೇಳ್ಲಿಲ್ಲವಾ!" ಎಂದು ಬಂಡೆಯ ಕತೆ ಹೇಳುತ್ತಾ ಗಾಡಿಯ ವೇಗ ಹೆಚ್ಚಿಸಿದರು. ನಾನು ಮಾಡಿದ್ದು ಉಪಕಾರವೋ ಮೋಸವೋ ನನಗೆ ತಿಳಿಯಲಿಲ್ಲ. ಯಾರಿಗೆ ಮಾಡಿದ್ದು ಎಂಬುದೂ ತಿಳಿಯಲಿಲ್ಲ.

ಮುಂದೆ ಬರೀ ರಸ್ತೆ, ತೋರಿಸಲು ಏನೂ ಇರಲಿಲ್ಲ. ಮಾಮಿ ನನ್ನ ತೋಳನ್ನು ಎಳೆದು ಹತ್ತಿರ ಕರೆದರು. ಮಗನಿಗೆ ಕೇಳಿಸದ ಹಾಗೆ ಮೆತ್ತಗೆ ಕೇಳಿದರು, "ಅವನ ಗಡ್ಡ ಬೆಳ್ಳಗಾಗಿದೆಯಾ?"

ನಾನು ಮುಂದಿನ ಕನ್ನಡಿಯಲ್ಲಿ ನೋಡಿದೆ. "ಅರ್ಧ" ಎಂದೆ.

"ಎಲ್ಲಿ ಜಾಸ್ತಿ?"

"ಗಲ್ಲದ ಹತ್ತಿರ. ಕಿವಿಯ ಪಕ್ಕ ಇನ್ನೂ ಕಪ್ಪುಂಟು."

ಅವರು ಹ್ಞೂಂ ಎಂದು ಸೀಟಿಗೆ ಒರಗಿದರು. ಅಷ್ಟು ಸುತ್ತಾಟದಲ್ಲಿ ಅವರಾಗಿಯೇ ನೋಡಬೇಕೆಂದು ಕೇಳಿದ್ದು ಅದೊಂದೇ.